ಡಾಂಬರು ಮುಗಿಯುವ ಜಾಗ

'ಮೊಬೈಲ್ ಹಿಡ್ಕಂಡು ಕೇರಿ ಕೇರಿ ಯಾಕೆ ತಿರುಗ್ತೀರಿ ಸರ್' ಅಂತ ಕೇಳಿದವರಿಗೆ ಈ ಪೋಸ್ಟ್.

ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ನಕಾಶೆ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಯಾವ ಕಂಪನಿಯದ್ದೂ ಅಲ್ಲ, ಯಾರು ಬೇಕಾದರೂ ಖಾತೆ ತೆರೆದು ತಮ್ಮೂರನ್ನು ಬರೆಯಬಹುದು. ಅದರಲ್ಲಿ ರಸ್ತೆಗೆ 'ಸರ್ಫೇಸ್' ಅನ್ನೋ ಟ್ಯಾಗ್ ಹಾಕ್ತಾರೆ. ಅಂದರೆ ಕಾಲಡಿ ಏನಿದೆ: ಡಾಂಬರಾ, ಕಾಂಕ್ರೀಟಾ, ಜಲ್ಲಿಯಾ, ಬರೀ ಮಣ್ಣಾ. ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಆ್ಯಪ್ ಚಿತ್ರ ತೋರಿಸಿ ಕೇಳುತ್ತೆ, ನೋಡಿ ಒತ್ತಿದರಾಯ್ತು.

ಕಾರವಾರ, ಅಂಕೋಲಾದಲ್ಲಿ ಮನೇಲಿ ಕೂತು ಇದನ್ನು ಮಾಡೋಕಾಗಲ್ಲ. ಉಪಗ್ರಹದ ಚಿತ್ರದಲ್ಲಿ ತೆಂಗಿನ ಗರಿ ಬಿಟ್ಟರೆ ಏನೂ ಕಾಣಲ್ಲ. ನಡೀಲೇಬೇಕು. ಹೆದ್ದಾರಿ 66 ಸುಲಭ. ಅಲ್ಲಿಂದ ಒಳಗಿಳಿದ ಮೇಲೆ ಕತೆ ಬೇರೆ. ರಸ್ತೆ ಒಂದೇ, ಆದರೆ ಡಾಂಬರು ಅರ್ಧಕ್ಕೆ ನಿಲ್ಲುತ್ತೆ. ಆಗ ನಕಾಶೆಯ ಗೆರೆಯನ್ನು ಅಲ್ಲೇ ಕತ್ತರಿಸಿ ಎರಡು ತುಂಡು ಮಾಡಬೇಕು, ಈಚೆಗೆ ಡಾಂಬರು, ಆಚೆಗೆ ಮಣ್ಣು. ಒಂದೂರಲ್ಲಿ ನಾನು ಕತ್ತರಿಸಿದ್ದು ಎಲ್ಲಿ ಗೊತ್ತಾ? ಮೇಲ್ಜಾತಿಯವರ ಕೊನೇ ಮನೆಯ ಗೇಟಿನ ಎದುರು. ಅದರಾಚೆ ನಮ್ಮ ಕೇರಿ. ಆ ನಕಾಶೆಯಲ್ಲಿ ಜಾತಿಗೆ ಟ್ಯಾಗ್ ಹಾಕಬೇಕಾಗಿಯೇ ಇಲ್ಲ ಬಿಡಿ.

ಮಣ್ಣಲ್ಲೂ ಬಗೆ ಇದೆ. 'ಡರ್ಟ್' ಅಂದ್ರೆ ಬರೀ ಮಣ್ಣು. 'ಗ್ರೌಂಡ್' ಅಂದ್ರೆ ಮಣ್ಣು, ಕಲ್ಲು, ಬೇರು, ಹುಲ್ಲು ಎಲ್ಲ ಬೆರೆತ ನೆಲ. 'ಕಂಪ್ಯಾಕ್ಟೆಡ್' ಅಂದ್ರೆ ಜಲ್ಲಿ ಹಾಕಿ ರೋಲರ್ ಹೊಡೆದದ್ದು. ನಮ್ಮ ಕೆಂಪು ಮಣ್ಣಿನ ದಾರಿ ಏಪ್ರಿಲ್‌ನಲ್ಲಿ ಕಲ್ಲಿನ ಹಾಗಿರುತ್ತೆ, ಜುಲೈನಲ್ಲಿ ಮೊಣಕಾಲುದ್ದ ಕೆಸರು. ಬೇಸಿಗೆಯಲ್ಲಿ ಬಂದು ನೋಡಿದವರು ರೋಲರನ್ನೇ ಕಾಣದ ದಾರಿಗೆ 'ಕಂಪ್ಯಾಕ್ಟೆಡ್' ಅಂತ ಒತ್ತಿ ಹೋಗಬಹುದು. ಈ ನಕಾಶೆ ಬಳಸಿ ದಾರಿ ತೋರಿಸುವ ಕೆಲವು ಆ್ಯಪ್‌ಗಳು ಅದನ್ನೇ ನಂಬ್ತಾವೆ. ಮಳೆಗಾಲದಲ್ಲಿ ಬಸುರಿ ಹೆಂಗಸನ್ನು ಕುರ್ಚಿ ಮೇಲೆ ಹೊತ್ತು ಟಾರ್ ರಸ್ತೆಗೆ ತಂದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ನಾನು 'ಗ್ರೌಂಡ್' ಹಾಕಿದೆ.

ಅಲ್ಲೇ ಒಬ್ಬರು ಅಜ್ಜಿ ಕೇಳಿದ್ರು, 'ತಮಾ, ರಸ್ತೆ ಮಾಡೂಕೆ ಬಂದ್ಯಾ?'

'ಇಲ್ಲಜ್ಜಿ, ಬರ್ಕಂಡು ಹೋಗೂಕೆ ಬಂದೆ.'

'ಬರ್ಕಂಡು ಹೋದೋರು ಬೇಕಷ್ಟು ಜನ ಇದ್ರು ಬಿಡು.'

ಸರಿಯಾಗೇ ಹೇಳಿದ್ರು. ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲು ಹಣ ಅವರಿಗೇ ಖರ್ಚಾಗಬೇಕು ಅಂತ 2013ರಲ್ಲೇ ರಾಜ್ಯ ಕಾಯ್ದೆ ಮಾಡಿದೆ. ಆ ದಾರಿಗೆ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇನೆ. ಉತ್ತರಕ್ಕೆ 30 ದಿನ. ಈ ನಕಾಶೆಯಲ್ಲಿ ಪ್ರತಿ ತಿದ್ದುಪಡಿಯ ದಿನಾಂಕ ಉಳಿಯುತ್ತೆ, ಆಮೇಲೆ ಯಾರು ಬದಲಾಯಿಸಿದರೂ ಹಳೇದು ಇತಿಹಾಸದಲ್ಲಿ ಸಿಗುತ್ತೆ. ದಿನಾಂಕದ ಬೆಲೆ ಗುಮಾಸ್ತನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು! ನಾಳೆ 'ಕಾಂಕ್ರೀಟ್ ಆಗಿದೆ' ಅಂತ ಉತ್ತರ ಬಂದರೆ ಎರಡನ್ನೂ ಜೋಡಿಸಿ ಮೇಲ್ಮನವಿ ಹಾಕೋದು.

ಬರುವ ಭಾನುವಾರ ಅವರ್ಸಾ ಕಡೆ ಹೋಗ್ತಿದ್ದೇನೆ. ಬರೋರು ಇನ್‌ಬಾಕ್ಸ್ ಮಾಡಿ, ಮೊಬೈಲ್ ಪೂರ್ತಿ ಚಾರ್ಜ್ ಮಾಡ್ಕೊಂಡು ಬನ್ನಿ.