ಅಪ್ಪನೂ ಬಿದ್ದ!

ಐದು ವರ್ಷದ ಮೊಮ್ಮಗಳು ಕಾಲು ಚಾಚಿ ಕುಳಿತು, "ತಾತ, ಬೂಟ್ ಹಾಕು" ಎಂದಳು. 36 ವರ್ಷ ಬ್ಯಾಂಕಿನಲ್ಲಿ ನೋಟಿನ ಕಟ್ಟು ಬಿಚ್ಚಿ ಕಟ್ಟಿದ ಬೆರಳುಗಳು ನನ್ನವು. ಆದರೂ ಆ ಸ್ಕೀ ಬೂಟಿನ ಕೊಂಡಿಗಳು ನನ್ನ ಮಾತು ಕೇಳಲಿಲ್ಲ. ಕೊನೆಗೆ ಅವಳಪ್ಪನೇ ಹಾಕಿದ.

ಕಳೆದ ಫೆಬ್ರವರಿಯಲ್ಲಿ ಅಮೆರಿಕಕ್ಕೆ, ಮಗನ ಮನೆಗೆ ಹೋಗಿದ್ದಾಗಿನ ಮಾತಿದು. ಕ್ಯಾಲಿಫೋರ್ನಿಯಾ, ನೆವಾಡ ರಾಜ್ಯಗಳ ಗಡಿಯಲ್ಲಿ ಟಾಹೋ ಎಂಬ ದೊಡ್ಡ ಸರೋವರವಿದೆ. ಅದರ ನೀರಿನ ಮಟ್ಟವೇ ಸುಮಾರು 1,900 ಮೀಟರ್ ಎತ್ತರದಲ್ಲಿ. ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು. ಸುತ್ತಲಿನ ಬೆಟ್ಟಗಳು ಇನ್ನೂ ಎತ್ತರ, ಎಲ್ಲೆಲ್ಲೂ ಹಿಮ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದೂ ಅಲ್ಲೇ ಹತ್ತಿರದ ಕಣಿವೆಯಲ್ಲಿ.

ಮಗಳಿಗೆ ಸ್ಕೀ ಕಲಿಸಬೇಕೆಂದು ಮಗನ ಆಸೆ. ಅವನಿಗೇ ಬರುವುದಿಲ್ಲ! "ನಾನೂ ಅವಳ ಜೊತೆಗೇ ಕಲೀತೀನಿ" ಎಂದು ಇಬ್ಬರಿಗೂ ಸೇರಿಸಿ ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡಿದ್ದ. ನನಗದು ಸರಿಕಾಣಲಿಲ್ಲ. ನಲವತ್ತು ದಾಟಿದವನು ಮಗುವಿನೆದುರು ಬಿದ್ದರೆ ಅಪ್ಪನ ಮರ್ಯಾದೆ ಏನಾಗಬೇಕು?

ಮಕ್ಕಳೇ, ಅಲ್ಲಿ ಮೊದಲ ಪಾಠ ಜಾರುವುದಲ್ಲ, ಬಿದ್ದು ಏಳುವುದು. ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟುಕೊಂಡು ಏಳಬೇಕು. ಕೆಳಮುಖವಾಗಿದ್ದರೆ ನಾವು ಏಳುವ ಮೊದಲೇ ಅವು ಹೊರಟುಬಿಡುತ್ತವೆ. ಆಮೇಲೆ ನಿಲ್ಲುವ ಪಾಠ. ಮುಂದಿನ ತುದಿಗಳನ್ನು ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ ಒತ್ತಬೇಕು. ಮಕ್ಕಳಿಗೆ ನೆನಪಿರಲೆಂದು ಇದಕ್ಕೆ 'ಪಿಜ್ಜಾ' ಎನ್ನುತ್ತಾರೆ. ಎರಡನ್ನೂ ನೇರ ಜೋಡಿಸಿದರೆ 'ಫ್ರೆಂಚ್ ಫ್ರೈಸ್'. ನಾನಾಗಿದ್ದರೆ ಸಮೋಸ ಎನ್ನುತ್ತಿದ್ದೆ, ಇರಲಿ. ಪುಟ್ಟಿಯ ಸ್ಕೀ ತುದಿಗಳು ದೂರವಾಗದಂತೆ ನಡುವೆ ಒಂದು ರಬ್ಬರ್ ತುಂಡು ಸಿಕ್ಕಿಸಿದ್ದರು. ಕೈಗೆ ಕೋಲು ಕೊಡಲಿಲ್ಲ. ಮೇಲೆ ಹತ್ತಲು, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳು ಬರುತ್ತವಲ್ಲ, ಅಂಥದೇ ಓಡುವ ಪಟ್ಟಿ. ಸುಮ್ಮನೆ ನಿಂತರಾಯಿತು.

ನಾನು ಬೇಲಿಯಾಚೆ ನಿಂತು ಲೆಕ್ಕ ಇಟ್ಟೆ, ಹಳೆಯ ಚಾಳಿ. ಮೊದಲ ಗಂಟೆಯಲ್ಲಿ ಮೊಮ್ಮಗಳು ಬಿದ್ದದ್ದು 7 ಸಲ, ಅವಳಪ್ಪ 11 ಸಲ.

ನಾಲ್ಕನೆಯ ಸಲ ಬಿದ್ದಾಗ ಅವಳು ಏಳಲೇ ಇಲ್ಲ. "ಮನೆಗೆ ಹೋಗೋಣ" ಎಂದು ಅಳು. ಎತ್ತಲು ಹೋದ ಮಗ ತಾನೇ ದೊಪ್ಪೆಂದು ಬಿದ್ದ. ಒಂದು ಸ್ಕೀ ಕಳಚಿಕೊಂಡು ಪಕ್ಕಕ್ಕೆ ಬಿತ್ತು, ಕನ್ನಡಕದ ತುಂಬ ಹಿಮ. ಪುಟ್ಟಿಯ ಅಳು ನಿಂತಿತು. ಅವನನ್ನೇ ನೋಡಿ, "ಅಪ್ಪಾ, ಅಡ್ಡ ಇಟ್ಕೊಂಡು ಏಳು!" ಎಂದು ತಾನೇ ಎದ್ದು ತೋರಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವಳು ಪಿಜ್ಜಾ ಮಾಡಿ ನಿಲ್ಲುತ್ತಿದ್ದಳು. ಅವನು ಇನ್ನೂ ಬೇಲಿ ಹಿಡಿದು ನಿಲ್ಲುತ್ತಿದ್ದ.

ನನಗೆ ಚಿಕ್ಕಮಗಳೂರಿನ ಮೈದಾನ ನೆನಪಾಯಿತು. ಇದೇ ಮಗನಿಗೆ ಅಲ್ಲಿ ಸೈಕಲ್ ಕಲಿಸಿದ್ದೆ. ಹಿಂದೆ ಕ್ಯಾರಿಯರ್ ಹಿಡಿದು ಓಡುವುದು, ಅವನು ಬಿದ್ದರೆ ಗದರುವುದು. "ಇಷ್ಟೂ ಬರಲ್ವೇನೋ?" ಅವನು ಎರಡು ತಿಂಗಳು ಸೈಕಲ್ ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ನನಗೇ ಸೈಕಲ್ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಸಂಜೆ ಕಾರಿನಲ್ಲಿ ಪುಟ್ಟಿ ಒಂದು ಕೈಗವಸು ಹಾಕಿಕೊಂಡೇ ನಿದ್ದೆಹೋದಳು. ಕತ್ತಲಲ್ಲಿ ಹೇಳುವುದು ಸುಲಭ ಎನಿಸಿ ಮಗನಿಗೆ ಎಲ್ಲ ಹೇಳಿದೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ ನಕ್ಕ.

"ಗೊತ್ತಿತ್ತಪ್ಪ. ಪಂಕ್ಚರ್ ಅಂಗಡಿಗೂ ನೀವು ಅದನ್ನ ತಳ್ಕೊಂಡೇ ಹೋಗಿ, ತಳ್ಕೊಂಡೇ ಬರ್ತಿದ್ರಲ್ಲ!"