ಎರಡು ಹೆಸರಿನ ವಿಳಾಸ

ಶಾಲೆಯ ಕಚೇರಿಯಲ್ಲಿ ಲೆಟರ್‌ಹೆಡ್ ಹಾಳೆಗಳನ್ನೂ ಮೊಹರನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುವುದನ್ನು ಮಕ್ಕಳು ನೋಡಿರುತ್ತಾರೆ. ಒಂದು ಹಾಳೆಗೆ ಎಷ್ಟು ಬೆಲೆ? ಅದಕ್ಕೇಕೆ ಇಷ್ಟು ಜೋಪಾನ? ಬೆಲೆ ಹಾಳೆಗಲ್ಲ, ಅದರ ನೆತ್ತಿಯಲ್ಲಿ ಅಚ್ಚಾಗಿರುವ ಹೆಸರಿಗೆ. ಅದರಲ್ಲಿ ಯಾರು ಏನೇ ಬರೆದರೂ, ಓದಿದವರು ಶಾಲೆಯೇ ಹೇಳಿತು ಎಂದುಕೊಳ್ಳುತ್ತಾರೆ.

ಇ-ಮೇಲ್ ವಿಳಾಸದ ಕಥೆಯೂ ಇದೇ. 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸುವ ಏರ್ಪಾಡು ಮಾಡಿದಾಗ, ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ‘ಆಟ್’ ಚಿಹ್ನೆಯನ್ನು ಆರಿಸಿಕೊಂಡರು. ಈಗ ಆ ಚಿಹ್ನೆಯ ಎಡಕ್ಕೆ ಬರೆಯುವವರ ಹೆಸರು, ಬಲಕ್ಕೆ ವಿಳಾಸ ಕೊಟ್ಟವರ ಹೆಸರು.

ಬಲಗಡೆಯ ಹೆಸರನ್ನು ದುಡಿದು ಗಳಿಸಬೇಕಾದ ಕಡೆಗಳೂ ಉಂಟು. 1993ರಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಆರಂಭಿಸಿದ ಡೆಬಿಯನ್ ಅಂಥದೊಂದು. ಕಂಪ್ಯೂಟರನ್ನು ನಡೆಸುವ ತಂತ್ರಾಂಶವನ್ನು ದೇಶದೇಶಗಳ ಸ್ವಯಂಸೇವಕರು ಸೇರಿ ಸಿದ್ಧಪಡಿಸಿ ಉಚಿತವಾಗಿ ಹಂಚುವ ಕೂಟ ಅದು. ಸದಸ್ಯರಾಗಬೇಕೆನ್ನುವವರ ಗುರುತು, ಕೆಲಸದ ಕೌಶಲ, ಕೂಟದ ಧ್ಯೇಯದ ಬಗ್ಗೆ ಅವರಿಗಿರುವ ತಿಳಿವಳಿಕೆ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಆಮೇಲೆಯೇ ‘ಡೆಬಿಯನ್ ಡಾಟ್ ಆರ್ಗ್’ ಎಂದು ಮುಗಿಯುವ ವಿಳಾಸ ಸಿಗುವುದು.

ಸಂಬಳವಿಲ್ಲದೆ ದುಡಿದವನಿಗೆ ಸಿಕ್ಕ ವಿಳಾಸ ಅವನದೇ ಸ್ವತ್ತಲ್ಲವೇ? ಅಲ್ಲ ಎನ್ನುತ್ತವೆ ಅಲ್ಲಿನ ನಿಯಮಗಳು. ಕೂಟದ ಯಂತ್ರಗಳನ್ನೂ ಸೇವೆಗಳನ್ನೂ ಅನುಮತಿಯಿಲ್ಲದೆ ಸ್ವಂತ ಸಂಪಾದನೆಗೆ, ವ್ಯಾಪಾರಕ್ಕೆ ಬಳಸಕೂಡದು. ಇತರರ ಕೆಲಸಕ್ಕೆ ಅಡ್ಡಿ ಮಾಡಕೂಡದು. ತಪ್ಪಿದರೆ ಖಾತೆ ಮುಚ್ಚಿಹೋಗಬಹುದು.

ಇದು ಬರಿಯ ಬಿಗುಮಾನವಲ್ಲ, ಹಿಂದೆ ಸರಳವಾದ ಕಾರಣವಿದೆ. ಒಂದು ಹೆಸರಿನಿಂದ ಬೇಡದ ಜಾಹೀರಾತು ಪತ್ರಗಳು ರಾಶಿರಾಶಿಯಾಗಿ ಹೊರಟರೆ, ಅವನ್ನು ಪಡೆಯುವ ಕಂಪ್ಯೂಟರುಗಳು ಆ ಹೆಸರನ್ನೇ ಸಂಶಯದಿಂದ ನೋಡತೊಡಗುತ್ತವೆ. ಬರೆದವನು ಒಬ್ಬನೇ ಆದರೂ, ಬಲಗಡೆ ಅದೇ ಹೆಸರಿರುವ ಉಳಿದವರ ಪತ್ರಗಳೂ ಕಸದ ಬುಟ್ಟಿ ಸೇರಬಹುದು. ‘ತಂತ್ರಾಂಶದಲ್ಲಿ ಅಪಾಯಕಾರಿ ದೋಷವಿದೆ, ಕೂಡಲೇ ಸರಿಪಡಿಸಿಕೊಳ್ಳಿ’ ಎಂಬ ಎಚ್ಚರಿಕೆಯೂ ಹಾಗೆಯೇ ಕಳೆದುಹೋದರೆ? ಒಬ್ಬನ ಪುಟ್ಟ ಆಸೆಗೆ ಊರೆಲ್ಲ ದಂಡ ತೆತ್ತಂತೆ.

ಇಂದು ಎಷ್ಟೋ ಶಾಲೆ ಕಾಲೇಜುಗಳು ವಿದ್ಯಾರ್ಥಿಗಳಿಗೆ ತಮ್ಮ ಹೆಸರಿನ ವಿಳಾಸ ಕೊಡುತ್ತಿವೆ. ಪಾಸ್‌ವರ್ಡ್ ಬರೆದ ಚೀಟಿ ಮನೆಗೆ ಬಂದ ದಿನ, ತಂದೆತಾಯಂದಿರು ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಾತು ಹೇಳಿದರೆ ಒಳ್ಳೆಯದು. ಸಿಟ್ಟಿನಲ್ಲೋ ತಮಾಷೆಗೋ ಬರೆದ ಪತ್ರವನ್ನು ಕಳಿಸುವ ಮೊದಲು ವಿಳಾಸದ ಎಡಭಾಗವನ್ನು ಬೆರಳಿನಿಂದ ಮುಚ್ಚಿ, ಉಳಿದ ಹೆಸರನ್ನು ಓದಿ ನೋಡಲಿ. ಆ ಹೆಸರಿನವರು ಈ ಪತ್ರಕ್ಕೆ ಸಹಿ ಹಾಕುತ್ತಿದ್ದರೇ? ಇಲ್ಲವೆನಿಸಿದರೆ ಅದನ್ನು ಅಳಿಸಿಬಿಡುವುದೇ ಸರಿ.