ನ್ಯಾಯನಿಷ್ಠ ಖಲೀಫ ಉಮರ್

ಬಡತನದಲ್ಲಿ ಸರಳನಾಗಿರುವುದು ಮನುಷ್ಯನಿಗೆ ಅನಿವಾರ್ಯ. ಬೊಕ್ಕಸದ ಬೀಗದ ಕೈ ತನ್ನ ಸೊಂಟದಲ್ಲಿರುವಾಗಲೂ ಸರಳನಾಗಿರುವುದು ತಪಸ್ಸು. ಇಂಥ ತಪಸ್ಸನ್ನು ಆಳ್ವಿಕೆಯ ನಡುವೆಯೇ ಆಚರಿಸಿದ ಪ್ರಭುಗಳು ಲೋಕದ ಚರಿತ್ರೆಯಲ್ಲಿ ವಿರಳ. ಆ ವಿರಳರ ಸಾಲಿನಲ್ಲಿ ಇಸ್ಲಾಮಿನ ಎರಡನೆಯ ಖಲೀಫರಾದ ಹಜರತ್ ಉಮರರು ಗಣ್ಯರು. ‘ಖಲೀಫ’ ಎಂಬ ಅರಬ್ಬಿ ಶಬ್ದಕ್ಕೆ ಉತ್ತರಾಧಿಕಾರಿ, ಪ್ರತಿನಿಧಿ ಎಂದರ್ಥ. ಪ್ರತಿನಿಧಿಯಾದವನು ಒಡೆಯನಲ್ಲ, ಒಪ್ಪಿಸಿದ್ದನ್ನು ಕಾಯತಕ್ಕವನು. ಈ ಅರ್ಥವನ್ನು ಉಮರರು ತಮ್ಮ ಬಾಳಿನ ಕೊನೆಯವರೆಗೂ ಮರೆಯಲಿಲ್ಲ.

ಉಮರರು ಮಕ್ಕಾ ನಗರದ ಕುರೈಷ್ ಕುಲದ ಅದೀ ಎಂಬ ಮನೆತನದಲ್ಲಿ ಜನಿಸಿದರು. ತಂದೆ ಖತ್ತಾಬ್. ಬಾಲ್ಯದಲ್ಲಿ ತಂದೆಯ ಒಂಟೆಗಳನ್ನು ಮೇಯಿಸಿದ ಹುಡುಗ ಮುಂದೆ ವ್ಯಾಪಾರಿಯಾದ. ಓದುಬರಹ ಬಲ್ಲವರು ಬೆರಳೆಣಿಕೆಯಷ್ಟೇ ಇದ್ದ ಆ ಕಾಲದ ಮಕ್ಕಾದಲ್ಲಿ ಇವರು ಅಕ್ಷರಸ್ಥರು. ಎತ್ತರದ ನಿಲುವು, ಗಡುಸಾದ ಕಂಠ, ಕಡುಕೋಪ. ಪ್ರವಾದಿ ಮುಹಮ್ಮದರ ಬೋಧನೆಯನ್ನು ಇವರು ಮೊದಮೊದಲು ಉಗ್ರವಾಗಿ ವಿರೋಧಿಸಿದರು. ಒಂದು ದಿನ ಪ್ರವಾದಿಯನ್ನು ಕೊಲ್ಲಲೆಂದೇ ಖಡ್ಗ ಹಿಡಿದು ಹೊರಟಾಗ, ತಮ್ಮ ಸೋದರಿ ಫಾತಿಮಾಳೇ ಹೊಸ ಧರ್ಮವನ್ನು ಸ್ವೀಕರಿಸಿರುವಳೆಂಬ ಸುದ್ದಿ ದಾರಿಯಲ್ಲಿ ತಿಳಿಯಿತಂತೆ. ಅವಳ ಮನೆಗೆ ನುಗ್ಗಿ ಹೊಡೆದರು. ಸೋದರಿಯ ಮುಖದಲ್ಲಿ ರಕ್ತವನ್ನು ಕಂಡು ಕೈ ಹಿಂದೆಗೆಯಿತು. ಅವಳು ಓದುತ್ತಿದ್ದ ಕುರಾನಿನ ‘ತಾಹಾ’ ಅಧ್ಯಾಯವನ್ನು ತಾವೂ ಓದಿ ಮನಸ್ಸು ಕರಗಿ ಪ್ರವಾದಿಯ ಬಳಿಗೆ ನಡೆದರೆಂದು ಸಂಪ್ರದಾಯವು ಹೇಳುತ್ತದೆ. ಸತ್ಯಾಸತ್ಯಗಳನ್ನು ಬೇರ್ಪಡಿಸುವವನು ಎಂಬ ಅರ್ಥದ ‘ಫಾರೂಕ್’ ಎಂಬ ಬಿರುದು ಅನಂತರ ಅವರದಾಯಿತು.

ಕ್ರಿ.ಶ. ೬೩೨ರಲ್ಲಿ ಪ್ರವಾದಿಯವರು ಕಾಲವಾದರು. ಹಿರಿಯರಾದ ಅಬೂಬಕರರು ಮೊದಲನೆಯ ಖಲೀಫರಾದರು. ೬೩೪ರಲ್ಲಿ ಅವರು ಮರಣಶಯ್ಯೆಯಲ್ಲಿದ್ದಾಗ ಉಮರರನ್ನು ಹೆಸರಿಸಿದರು. ಉಮರರ ಸ್ವಭಾವ ಬಲು ಕಠಿಣವೆಂದು ಕೆಲವರು ಆಕ್ಷೇಪಿಸಿದರು. ತಾನು ಮೃದುವಾಗಿದ್ದುದರಿಂದ ಅವರು ಕಠಿಣರಾಗಿದ್ದರು, ಭಾರ ಹೆಗಲಿಗೆ ಬಂದೊಡನೆ ಮೃದುವಾಗುವರು ಎಂದು ಅಬೂಬಕರರು ಸಮಾಧಾನ ಹೇಳಿದರಂತೆ. ಆ ಊಹೆ ಬಹುಮಟ್ಟಿಗೆ ನಿಜವಾಯಿತು.

ಮುಂದಿನ ಹತ್ತು ವರ್ಷಗಳಲ್ಲಿ ಅರಬರ ರಾಜ್ಯವು ವಿಸ್ಮಯಕರವಾಗಿ ಬೆಳೆಯಿತು. ೬೩೬ರ ಯರ್ಮೂಕ್ ಕಾಳಗದಲ್ಲಿ ಬೈಜಾಂಟಿಯಂ ಚಕ್ರವರ್ತಿಯ ಸೇನೆ ಸೋತು ಸಿರಿಯಾ ಕೈವಶವಾಯಿತು. ಕಾದಿಸಿಯ್ಯಾ ಕಾಳಗದಿಂದ ಇರಾಕ್ ದೊರೆಯಿತು. ೬೪೨ರ ನಹಾವಂದ್ ಯುದ್ಧ ಪಾರಸಿಕ ಸಾಮ್ರಾಜ್ಯದ ಬೆನ್ನುಮೂಳೆಯನ್ನು ಮುರಿಯಿತು. ಅಮ್ರ್ ಇಬ್ನುಲ್ ಆಸ್ ಎಂಬ ಸೇನಾನಿ ಈಜಿಪ್ಟನ್ನು ಗೆದ್ದನು. ಇಷ್ಟೆಲ್ಲ ಗೆಲುವಿನ ನಡುವೆ ಉಮರರು ಖಾಲಿದ್ ಇಬ್ನುಲ್ ವಲೀದನಂಥ ಮಹಾಸೇನಾನಿಯನ್ನು ಪದವಿಯಿಂದ ಇಳಿಸಿದರು. ವಿಜಯವು ದೇವರ ಕೃಪೆಯಿಂದಲ್ಲದೆ ಖಾಲಿದನ ಭುಜಬಲದಿಂದಲೇ ಬರುವುದೆಂದು ಜನ ಭ್ರಮಿಸಬಾರದೆಂಬುದು ಅವರು ಕೊಟ್ಟ ಕಾರಣವೆಂದು ಚರಿತ್ರಕಾರರು ಬರೆದಿದ್ದಾರೆ. ಖಾಲಿದನಾದರೋ ದಂಗೆಯೇಳದೆ ಆಜ್ಞೆಗೆ ತಲೆಬಾಗಿದನು.

ಜೆರೂಸಲೇಮ್ ನಗರದ ಶರಣಾಗತಿಯ ವೃತ್ತಾಂತ ಮನನೀಯವಾದುದು. ಅಲ್ಲಿನ ಕ್ರೈಸ್ತ ಧರ್ಮಾಧ್ಯಕ್ಷ ಸೊಫ್ರೋನಿಯಸನು ನಗರವನ್ನು ಖಲೀಫರ ಕೈಗೇ ಒಪ್ಪಿಸುವೆನೆಂದು ಪಟ್ಟುಹಿಡಿದನು. ಉಮರರು ತೇಪೆ ಹಾಕಿದ ಉಡುಪಿನಲ್ಲಿಯೇ ಬಂದರಂತೆ. ಕ್ರಿಸ್ತನ ಸಮಾಧಿಯ ಮಹಾದೇವಾಲಯವನ್ನು ನೋಡುತ್ತಿರುವಾಗ ಪ್ರಾರ್ಥನೆಯ ವೇಳೆಯಾಯಿತು. ಅಲ್ಲಿಯೇ ಪ್ರಾರ್ಥಿಸಬಹುದೆಂದು ಧರ್ಮಾಧ್ಯಕ್ಷನು ಹೇಳಿದರೂ ಉಮರರು ಒಪ್ಪದೆ ಹೊರಗೆ ಬಂದು ನಮಾಜು ಸಲ್ಲಿಸಿದರು. ತಾವು ಒಳಗೆ ಪ್ರಾರ್ಥಿಸಿದರೆ, ಉಮರರು ಪ್ರಾರ್ಥಿಸಿದ ಸ್ಥಳವೆಂದು ಮುಂದಿನವರು ಆ ಗುಡಿಯನ್ನೇ ಕಿತ್ತುಕೊಂಡಾರು ಎಂಬುದು ಅವರ ಆತಂಕ. ಈ ಪ್ರಸಂಗವನ್ನು ಬರೆದಿಟ್ಟವನು ಯೂಟಿಕಿಯಸ್ ಎಂಬ ಹತ್ತನೆಯ ಶತಮಾನದ ಕ್ರೈಸ್ತ ಧರ್ಮಾಧ್ಯಕ್ಷನೆಂಬುದು ಗಮನಾರ್ಹ. ತನ್ನ ಕಾಲದ ಗೆಲುವನ್ನಷ್ಟೇ ಕಾಣುವವನು ಸಾಮಾನ್ಯ ವಿಜೇತ. ತನ್ನವರು ಮುಂದೆ ಮಾಡಬಹುದಾದ ಅನ್ಯಾಯವನ್ನೂ ಇಂದೇ ಕಂಡು ತಡೆಯುವವನು ವಿವೇಕಿ.

ರಾಜ್ಯವನ್ನು ಗೆಲ್ಲುವುದಕ್ಕಿಂತ ಕಟ್ಟುವುದು ಕಷ್ಟ. ಇರಾಕಿನ ಫಲವತ್ತಾದ ನೆಲವನ್ನು ತಮಗೆ ಹಂಚಬೇಕೆಂದು ಸೈನಿಕರು ಕೇಳಿದರು. ಎಲ್ಲವನ್ನೂ ಈಗಲೇ ಹಂಚಿದರೆ ನಾಳೆ ಹುಟ್ಟುವವರಿಗೆ ಉಳಿಯುವುದೇನು ಎಂದು ಉಮರರು ನಿರಾಕರಿಸಿದರು. ನೆಲ ಉಳುವವರ ಕೈಯಲ್ಲೇ ಉಳಿಯಿತು, ಅದರ ಕಂದಾಯ ಬೊಕ್ಕಸಕ್ಕೆ ಬಂತು. ಆ ಹಣವನ್ನು ಹಂಚಲು ‘ದೀವಾನ್’ ಎಂಬ ದಫ್ತರವನ್ನು ತೆರೆದು, ಯಾರಿಗೆ ಎಷ್ಟು ವರ್ಷಾಶನವೆಂಬುದನ್ನು ಬರೆಯಿಸಿದರು. ಬಸ್ರಾ, ಕೂಫಾ ನಗರಗಳು ಸೈನ್ಯದ ಪಾಳೆಯಗಳಾಗಿ ಹುಟ್ಟಿದುದು ಅವರ ಕಾಲದಲ್ಲಿಯೇ. ಪ್ರವಾದಿಯವರು ಮದೀನಾಕ್ಕೆ ವಲಸೆ ಹೋದ ೬೨೨ನೆಯ ವರ್ಷವನ್ನು ಆದಿಯಾಗಿಟ್ಟುಕೊಂಡು ಹಿಜರಿ ಶಕವನ್ನು ನೆಲೆಗೊಳಿಸಿದವರೂ ಅವರೇ. ತಮಗಾಗಿ ಬೊಕ್ಕಸದಿಂದ ಪಡೆದುದಾದರೂ ಏನು? ಬೇಸಗೆಗೊಂದು, ಚಳಿಗೊಂದು ಉಡುಪು, ಕುರೈಷರ ಮಧ್ಯಮ ಕುಟುಂಬಕ್ಕೆ ತಕ್ಕ ಅನ್ನ.

ಅಧಿಕಾರಿಗಳ ಮೇಲೆ ಅವರ ದೃಷ್ಟಿ ತೀಕ್ಷ್ಣವಾಗಿತ್ತು. ಪ್ರಾಂತಾಧಿಪತಿಗಳನ್ನು ನೇಮಿಸುವಾಗ ಅವರ ಆಸ್ತಿಯ ಪಟ್ಟಿ ಬರೆಯಿಸುತ್ತಿದ್ದರು. ಅದು ಕಾರಣವಿಲ್ಲದೆ ಹೆಚ್ಚಿದರೆ ಅರ್ಧವನ್ನು ಬೊಕ್ಕಸಕ್ಕೆ ಸೇರಿಸುತ್ತಿದ್ದರು. ಕೂಫಾದ ಅಧಿಪತಿ ಸಅದನು ಪೇಟೆಯ ಗದ್ದಲ ಕೇಳಿಸದಂತೆ ಅರಮನೆಗೆ ಬಾಗಿಲಿರಿಸಿದನೆಂದು ದೂರು ಬಂದಾಗ, ಮುಹಮ್ಮದ್ ಇಬ್ನ್ ಮಸ್ಲಮನನ್ನು ಕಳುಹಿಸಿ ಆ ಬಾಗಿಲನ್ನೇ ಸುಡಿಸಿದರು. ಪ್ರಜೆಗೂ ಪ್ರಭುವಿಗೂ ನಡುವೆ ಕದವಿರಬಾರದೆಂಬುದು ಅವರ ಮತ.

ರಾತ್ರಿ ಅವರು ಗಸ್ತು ತಿರುಗುತ್ತಿದ್ದರು. ಒಮ್ಮೆ ಮದೀನಾದ ಹೊರವಲಯದಲ್ಲಿ ತಾಯಿಯೊಬ್ಬಳು ಹಸಿದ ಮಕ್ಕಳನ್ನು ಮಲಗಿಸಲು ಬರಿಯ ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಕುದಿಸುತ್ತಿದ್ದುದನ್ನು ಕಂಡರು. ಬಂದವರು ಯಾರೆಂದರಿಯದ ಆಕೆ, ನಮ್ಮ ಹೊಣೆ ಹೊತ್ತು ನಮ್ಮನ್ನೇ ಮರೆತ ಖಲೀಫನೆಂದು ನಿಂದಿಸಿದಳು. ಉಮರರು ಉಗ್ರಾಣಕ್ಕೆ ಹೋಗಿ ಹಿಟ್ಟಿನ ಮೂಟೆಯನ್ನು ತಮ್ಮ ಬೆನ್ನಿಗೇರಿಸಿಕೊಂಡರು. ಸೇವಕ ಅಸ್ಲಮನು ತಾನು ಹೊರುವೆನೆಂದಾಗ, ಅಂತಿಮ ವಿಚಾರಣೆಯ ದಿನ ನನ್ನ ಹೊರೆಯನ್ನು ನೀನು ಹೊರುವೆಯಾ ಎಂದು ಕೇಳಿದರು. ತಾವೇ ಒಲೆಯೂದಿ ಅಡಿಗೆ ಮಾಡಿ, ಮಕ್ಕಳು ಉಂಡು ನಗುವುದನ್ನು ಕಂಡು ಹಿಂದಿರುಗಿದರು.

೬೩೯ರಲ್ಲಿ ಅರೇಬಿಯಾಕ್ಕೆ ಘೋರ ಕ್ಷಾಮ ಬಂತು. ಮಣ್ಣು ಬೂದಿಯಂತಾದುದರಿಂದ ಅದಕ್ಕೆ ‘ಬೂದಿಯ ವರ್ಷ’ವೆಂದೇ ಹೆಸರು. ಜನರಿಗೆ ದೊರೆಯುವವರೆಗೆ ತುಪ್ಪವನ್ನೂ ಮಾಂಸವನ್ನೂ ಮುಟ್ಟೆನೆಂದು ಉಮರರು ವ್ರತ ತೊಟ್ಟರು. ಅವರ ಮೈಬಣ್ಣವೇ ಕಪ್ಪಿಟ್ಟಿತಂತೆ. ಹಸಿದವನು ಕದ್ದರೆ ಕೈ ಕತ್ತರಿಸುವ ಶಿಕ್ಷೆಯನ್ನು ಆ ವರ್ಷ ತಡೆಹಿಡಿದರು. ಶಾಸ್ತ್ರವನ್ನು ಬಲ್ಲವರು ಹಲವರು. ಅದನ್ನು ಯಾವಾಗ ಪ್ರಯೋಗಿಸಬಾರದೆಂದು ಬಲ್ಲವರು ಕೆಲವರು.

ಹಾಗೆಂದು ಅವರ ಆಳ್ವಿಕೆ ನಿಷ್ಕಳಂಕವೆನ್ನಲಾಗದು. ಖೈಬರಿನ ಯೆಹೂದ್ಯರನ್ನೂ ನಜ್ರಾನಿನ ಕ್ರೈಸ್ತರನ್ನೂ ಅವರು ಹುಟ್ಟಿದ ನೆಲದಿಂದ ಹೊರಕಳುಹಿಸಿದುದು ಚರಿತ್ರೆಯಲ್ಲಿ ದಾಖಲಾಗಿದೆ. ಅವರ ಕೈಯ ಚಾವಟಿಗೆ ಆಪ್ತರೂ ಅಂಜುತ್ತಿದ್ದರು. ಅವರ ಅಂತ್ಯವಂತೂ ಮನಸ್ಸನ್ನು ಕಲಕುವಂಥದು. ಅಬೂ ಲುಲುಅ ಎಂಬ ಪಾರಸಿಕ ದಾಸನು ಕುಶಲಕರ್ಮಿ. ತನ್ನ ದುಡಿಮೆಯಿಂದ ಒಡೆಯ ಮುಗೀರನು ದಿನವೂ ವಸೂಲು ಮಾಡುವ ಹಣ ಅತಿಯಾಯಿತೆಂದು ಅವನು ಉಮರರಲ್ಲಿ ಮೊರೆಯಿಟ್ಟನು. ಅವನು ಬಲ್ಲ ಕಸುಬುಗಳನ್ನು ನೋಡಿದರೆ ಅದು ಹೆಚ್ಚಲ್ಲವೆಂದು ಉಮರರು ತೀರ್ಪಿತ್ತರು. ೬೪೪ರ ನವೆಂಬರಿನಲ್ಲಿ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ, ಅವನು ಎರಡಲಗಿನ ಬಾಕುವಿನಿಂದ ಅವರನ್ನು ತಿವಿದನು. ಇರುಳಿನಲ್ಲಿ ಮನೆಮನೆಯ ನಿಟ್ಟುಸಿರನ್ನು ಅರಸಿ ನಡೆದ ಪ್ರಭುವಿಗೆ, ಹಗಲಿನಲ್ಲಿ ಎದುರಿಗೆ ನಿಂತು ಮೊರೆಯಿಟ್ಟ ದಾಸನ ದುಃಖದ ಆಳ ತಿಳಿಯದೆ ಹೋಯಿತು. ದಾಸನ ಕೃತ್ಯ ಘೋರವೇ ಸರಿ. ಆದರೆ ಎಷ್ಟು ಎಚ್ಚರವಿದ್ದರೂ ರಾಜಧರ್ಮದಲ್ಲಿ ಸಾಲದು ಎಂಬುದನ್ನು ಈ ಘಟನೆ ಸಾರುತ್ತದೆ.

ಮರಣಶಯ್ಯೆಯಲ್ಲಿಯೂ ಉಮರರು ಲೆಕ್ಕವನ್ನು ಮರೆಯಲಿಲ್ಲ. ಮಗ ಅಬ್ದುಲ್ಲನನ್ನು ಕರೆದು ತಮ್ಮ ಸಾಲವನ್ನು ಎಣಿಸಿ, ಮನೆತನದ ಸ್ವತ್ತಿನಿಂದ ತೀರಿಸುವಂತೆ ಆಜ್ಞಾಪಿಸಿದರು. ಮುಂದಿನ ಖಲೀಫನನ್ನು ಆರಿಸಲು ಆರು ಮಂದಿಯ ಸಭೆಯನ್ನು ನೇಮಿಸಿದರು. ಮಗನು ಸಲಹೆ ಕೊಡಬಹುದು, ಪದವಿಗೆ ಮಾತ್ರ ಅವನ ಹೆಸರು ಸಲ್ಲದೆಂದರು. ಪ್ರವಾದಿಯ ಪಕ್ಕದಲ್ಲಿ ಸಮಾಧಿಗೆ ಸ್ಥಳ ಬೇಕೆಂಬ ಆಸೆಯಿದ್ದರೂ, ಆ ಮನೆಯೊಡತಿ ಆಯಿಷಾರ ಅನುಮತಿಯನ್ನು ಕೇಳಿಸಿ, ಅದು ದೊರೆತ ಮೇಲೆಯೇ ನೆಮ್ಮದಿಗೊಂಡರು. ಎರಡು ಸಾಮ್ರಾಜ್ಯಗಳ ಸೇನೆಗಳನ್ನು ಸೋಲಿಸಿದ ರಾಜ್ಯದ ಅಧಿಪತಿ ಆರಡಿ ನೆಲಕ್ಕಾಗಿ ಒಬ್ಬ ಹೆಣ್ಣುಮಗಳ ಒಪ್ಪಿಗೆಗೆ ಕಾದು ಮಲಗಿದ್ದನು. ನಾಳೆ ನಾಡಿನ ಹೊಣೆಯನ್ನು ಹೊರಲಿರುವ ವಿದ್ಯಾರ್ಥಿಗಳು ಹಿಟ್ಟಿನ ಮೂಟೆ ಹೊತ್ತ ಆ ಬೆನ್ನನ್ನೂ, ಕೇಳಿಸದೆ ಹೋದ ಆ ಮೊರೆಯನ್ನೂ ಒಟ್ಟಿಗೇ ನೆನಪಿನಲ್ಲಿರಿಸಿಕೊಳ್ಳುವುದು ಒಳ್ಳೆಯದು.